ರೇಡಿಯೊ ಶ್ರೋತೃ ಮಾಪನ

ರೇಡಿಯೊ ಶ್ರೋತೃ ಮಾಪನ ಎಂದರೆ ಒಂದು ಪ್ರದೇಶದಲ್ಲಿ ಯಾವ ಬಾನುಲಿ ಕೇಂದ್ರವನ್ನು ಎಷ್ಟು ಜನ, ಯಾವ ಹೊತ್ತಿನಲ್ಲಿ, ಎಷ್ಟು ಸಮಯ ಕೇಳುತ್ತಾರೆ ಎಂಬುದನ್ನು ಮಾದರಿ ಸಮೀಕ್ಷೆಯ ಮೂಲಕ ಅಂದಾಜು ಮಾಡುವ ಕ್ರಮ. ಪತ್ರಿಕೆಯ ಮಾರಾಟವಾದ ಪ್ರತಿಗಳನ್ನು ಎಣಿಸಬಹುದು. ಆದರೆ ಪ್ರಸಾರ ಗೋಪುರದಿಂದ ಹೊರಟ ತರಂಗವನ್ನು ಯಾರು ಸ್ವೀಕರಿಸಿದರು ಎಂಬುದು ಕೇಂದ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಜಾಹೀರಾತುದಾರರು ತಾವು ಕೊಡುವ ಹಣಕ್ಕೆ ಆಧಾರವಾಗಿ ಈ ಅಂದಾಜುಗಳನ್ನು ಬಳಸುತ್ತಾರೆ.

ಇತಿಹಾಸ

ಅಮೆರಿಕದಲ್ಲಿ ಆರ್ಚಿಬಾಲ್ಡ್ ಕ್ರಾಸ್ಲಿ 1930ರಲ್ಲಿ ದೂರವಾಣಿಯ ಮೂಲಕ ಶ್ರೋತೃ ಸಮೀಕ್ಷೆಯನ್ನು ವ್ಯವಸ್ಥಿತವಾಗಿ ಆರಂಭಿಸಿದರು. ಹಿಂದೆ ಕೇಳಿದ ಕಾರ್ಯಕ್ರಮಗಳನ್ನು ಜನರು ನೆನಪಿಸಿಕೊಂಡು ಹೇಳಬೇಕಾಗಿತ್ತು. ನಂತರ ಬಂದ ಸಿ. ಇ. ಹೂಪರ್ ಅವರ ಸಂಸ್ಥೆಯು ಕರೆ ಮಾಡಿದ ಕ್ಷಣದಲ್ಲಿ ಏನು ಕೇಳುತ್ತಿದ್ದೀರಿ ಎಂದು ವಿಚಾರಿಸುವ ಪದ್ಧತಿಯನ್ನು ಬಳಕೆಗೆ ತಂದಿತು. 1942ರಲ್ಲಿ ನೀಲ್ಸನ್ ಸಂಸ್ಥೆಯು ರೇಡಿಯೊ ಪೆಟ್ಟಿಗೆಗೆ ಜೋಡಿಸುವ ಆಡಿಮೀಟರ್ ಯಂತ್ರವನ್ನು ಆಧರಿಸಿದ ಸೇವೆಯನ್ನು ಪ್ರಾರಂಭಿಸಿತು. ಬ್ರಿಟನ್ನಿನಲ್ಲಿ ಬಿಬಿಸಿ 1936ರಲ್ಲಿ ಶ್ರೋತೃ ಸಂಶೋಧನೆಯನ್ನು ಆರಂಭಿಸಿತು.

ಭಾರತದಲ್ಲಿ ವಿವಿಧ ಭಾರತಿ 1957ರಲ್ಲಿ ಆರಂಭವಾಗಿ, 1967ರಲ್ಲಿ ಜಾಹೀರಾತು ಪ್ರಸಾರಕ್ಕೆ ತೆರೆದುಕೊಂಡಿತು. ಆಕಾಶವಾಣಿಯು ತನ್ನದೇ ಶ್ರೋತೃ ಸಂಶೋಧನಾ ಘಟಕಗಳನ್ನು ಹೊಂದಿದೆ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರವಾದ ರೇಡಿಯೊ ಸಿಟಿ ಪ್ರಸಾರ ಆರಂಭಿಸಿತು. 2005ರ ಎರಡನೇ ಹಂತದ ನೀತಿಯ ಬಳಿಕ ಕೇಂದ್ರಗಳ ಸಂಖ್ಯೆ ಹೆಚ್ಚಿ, ಹೋಲಿಕೆಗೆ ಸಮಾನ ಅಳತೆಗೋಲಿನ ಅಗತ್ಯ ಉಂಟಾಯಿತು. 2007ರಲ್ಲಿ ಟ್ಯಾಮ್ ಮೀಡಿಯಾ ರಿಸರ್ಚ್ ಸಂಸ್ಥೆಯು 'ರೇಡಿಯೊ ಆಡಿಯನ್ಸ್ ಮೆಷರ್‌ಮೆಂಟ್' ಎಂಬ ಸೇವೆಯನ್ನು ಆರಂಭಿಸಿತು. ಸಂಕ್ಷಿಪ್ತವಾಗಿ ರ‍್ಯಾಮ್ ಎನ್ನಲಾಗುವ ಈ ಸೇವೆಯು ಬೆಂಗಳೂರು, ಮುಂಬಯಿ ಮತ್ತು ದೆಹಲಿಗಳನ್ನು, ಅನಂತರ ಕೋಲ್ಕತ್ತವನ್ನು ಒಳಗೊಂಡಿತು.

ಮಾಪನ ಪದ್ಧತಿಗಳು

ನೆನಪಿನ ಪದ್ಧತಿ: ಹಿಂದಿನ ದಿನ ಕೇಳಿದ ಕೇಂದ್ರಗಳ ಬಗ್ಗೆ ಸಂದರ್ಶನದಲ್ಲಿ ಪ್ರಶ್ನಿಸಲಾಗುತ್ತದೆ. ಖರ್ಚು ಕಡಿಮೆ. ಆದರೆ ಹೆಸರಾಂತ ಕೇಂದ್ರಗಳನ್ನು ಜನರು ಹೆಚ್ಚಾಗಿ ನೆನಪಿಸಿಕೊಳ್ಳುವ ಸಾಧ್ಯತೆ ಇರುತ್ತದೆ.

ಡೈರಿ ಪದ್ಧತಿ: ಆಯ್ದ ವ್ಯಕ್ತಿಗಳು ತಾವು ಕೇಳಿದ ಕೇಂದ್ರ, ಸಮಯ ಮತ್ತು ಸ್ಥಳವನ್ನು ಡೈರಿಯಲ್ಲಿ ಬರೆದಿಡುತ್ತಾರೆ. ರ‍್ಯಾಮ್ ಈ ಪದ್ಧತಿಯನ್ನು ಅನುಸರಿಸಿತು. 12 ವರ್ಷ ಮೇಲ್ಪಟ್ಟ ಸುಮಾರು 480 ಜನರ ತಂಡ ಪ್ರತಿ ನಗರವನ್ನು ಪ್ರತಿನಿಧಿಸುತ್ತಿತ್ತು.

ಯಂತ್ರ ಪದ್ಧತಿ: ಪ್ರಸಾರದ ಧ್ವನಿಯಲ್ಲಿ ಕಿವಿಗೆ ಕೇಳಿಸದ ಸಂಕೇತವನ್ನು ಸೇರಿಸಿ, ವ್ಯಕ್ತಿಯು ಜೊತೆಯಲ್ಲಿ ಒಯ್ಯುವ ಕಿರುಯಂತ್ರದಿಂದ ಅದನ್ನು ಗುರುತಿಸಲಾಗುತ್ತದೆ. ಅಮೆರಿಕದ ಆರ್ಬಿಟ್ರಾನ್ ಸಂಸ್ಥೆಯು 2007ರಿಂದ ಇದನ್ನು ವಾಣಿಜ್ಯ ಬಳಕೆಗೆ ತಂದಿತು. ಈ ಯಂತ್ರ ನೆನಪನ್ನು ಅವಲಂಬಿಸುವುದಿಲ್ಲ. ಆದರೆ ಅಂಗಡಿಯಲ್ಲಿ ಹಾಕಿದ ರೇಡಿಯೊ ಕಿವಿಗೆ ಬಿದ್ದರೂ ಅದು ಕೇಳುವಿಕೆ ಎಂದೇ ದಾಖಲಾಗುತ್ತದೆ.

ಮುಖ್ಯ ಪರಿಮಾಣಗಳು

ಒಂದು ಕಾಲ್ಪನಿಕ ಉದಾಹರಣೆಯಿಂದ ಇವುಗಳನ್ನು ವಿವರಿಸಬಹುದು. 10 ಲಕ್ಷ ಜನಸಂಖ್ಯೆಯ ಒಂದು ನಗರದಲ್ಲಿ ಯಾವುದೇ ಕಾಲು ಗಂಟೆಯಲ್ಲಿ ಸರಾಸರಿ 1 ಲಕ್ಷ ಜನ ರೇಡಿಯೊ ಕೇಳುತ್ತಾರೆ. ಅವರಲ್ಲಿ 20,000 ಜನ 'ಅ' ಕೇಂದ್ರದ ಕೇಳುಗರು. ವಾರದಲ್ಲಿ ಒಮ್ಮೆಯಾದರೂ ಅದನ್ನು ಕೇಳುವವರು 2 ಲಕ್ಷ ಎಂದುಕೊಳ್ಳೋಣ.

- ವ್ಯಾಪ್ತಿ: ವಾರದಲ್ಲಿ ಕೇಂದ್ರವನ್ನು ಕೇಳಿದ ಬೇರೆ ಬೇರೆ ವ್ಯಕ್ತಿಗಳ ಪ್ರಮಾಣ, ಇಲ್ಲಿ ಶೇ. 20.
- ರೇಟಿಂಗ್: ಕಾಲು ಗಂಟೆಯ ಸರಾಸರಿ ಕೇಳುಗರು ಒಟ್ಟು ಜನಸಂಖ್ಯೆಯಲ್ಲಿ ಎಷ್ಟು ಪಾಲು ಎಂಬುದು, ಇಲ್ಲಿ ಶೇ. 2.
- ಪಾಲು: ಆ ಹೊತ್ತಿನಲ್ಲಿ ರೇಡಿಯೊ ಕೇಳುವವರ ಪೈಕಿ ಕೇಂದ್ರದ ಭಾಗ, ಇಲ್ಲಿ ಶೇ. 20.
- ಕೇಳುವ ಸಮಯ: ಬೆಳಿಗ್ಗೆ 6ರಿಂದ ರಾತ್ರಿ 12ರವರೆಗೆ ವಾರಕ್ಕೆ 126 ಗಂಟೆ ಪ್ರಸಾರವಿದ್ದರೆ, 20,000ವನ್ನು 126ರಿಂದ ಗುಣಿಸಿ 2 ಲಕ್ಷದಿಂದ ಭಾಗಿಸಿದಾಗ ಪ್ರತಿ ಕೇಳುಗನಿಗೆ ವಾರಕ್ಕೆ 12.6 ಗಂಟೆ ದೊರೆಯುತ್ತದೆ.

ಜಾಹೀರಾತು ಆದಾಯದೊಂದಿಗಿನ ಸಂಬಂಧ

ಭಾರತದಲ್ಲಿ ರೇಡಿಯೊ ಜಾಹೀರಾತಿನ ದರವನ್ನು ಸಾಮಾನ್ಯವಾಗಿ 10 ಸೆಕೆಂಡುಗಳ ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ 10 ಸೆಕೆಂಡಿಗೆ 500 ರೂಪಾಯಿ ದರವಿದ್ದರೆ, ಸಾವಿರ ಕೇಳುಗರನ್ನು ತಲುಪಲು 25 ರೂಪಾಯಿ ತಗಲುತ್ತದೆ. ಅದೇ ಜಾಹೀರಾತು 10 ಬಾರಿ ಪ್ರಸಾರವಾದರೆ ಒಟ್ಟು 20 ರೇಟಿಂಗ್ ಅಂಶಗಳಾಗುತ್ತವೆ. ಖರ್ಚು 5,000 ರೂಪಾಯಿ, ಅಂದರೆ ಒಂದು ಅಂಶಕ್ಕೆ 250 ರೂಪಾಯಿ. ಜಾಹೀರಾತು ಸಂಸ್ಥೆಗಳು ಕೇಂದ್ರಗಳನ್ನು ಈ ಅಂಕಿಗಳ ಮೂಲಕ ಹೋಲಿಸುತ್ತವೆ. ರೇಟಿಂಗ್ ಅರ್ಧಕ್ಕೆ ಇಳಿದರೆ ಅದೇ ದರದಲ್ಲಿ ಪ್ರತಿ ಕೇಳುಗನ ಖರ್ಚು ಎರಡರಷ್ಟಾಗುವುದರಿಂದ, ಕೇಂದ್ರವು ದರ ಇಳಿಸಬೇಕಾದ ಒತ್ತಡಕ್ಕೆ ಸಿಲುಕುತ್ತದೆ.

ಆದರೂ ಆದಾಯವು ಸಂಖ್ಯೆಯನ್ನು ಮಾತ್ರ ಅವಲಂಬಿಸುವುದಿಲ್ಲ. ಕೇಳುಗರ ವಯಸ್ಸು, ಕೊಳ್ಳುವ ಶಕ್ತಿ ಮತ್ತು ಭಾಷೆಯನ್ನೂ ಜಾಹೀರಾತುದಾರರು ಗಮನಿಸುತ್ತಾರೆ. ಬೆಂಗಳೂರಿನ ಹಲವು ಕೇಂದ್ರಗಳು ಕನ್ನಡ ಚಿತ್ರಗೀತೆಗಳ ಮೂಲಕ ಹೆಚ್ಚು ಜನರನ್ನು ತಲುಪಲು ಯತ್ನಿಸಿದರೆ, ರೇಡಿಯೊ ಇಂಡಿಗೊ ಅಂತಾರಾಷ್ಟ್ರೀಯ ಸಂಗೀತದ ಮೂಲಕ ನಿರ್ದಿಷ್ಟ ವರ್ಗವನ್ನು ಉದ್ದೇಶಿಸಿತು.

ಮಿತಿಗಳು

ಮಾದರಿಯ ಗಾತ್ರ ಪ್ರಮುಖ ಮಿತಿಯಾಗಿದೆ. 480 ಜನರ ಸರಳ ಯಾದೃಚ್ಛಿಕ ಮಾದರಿಯಲ್ಲಿ ಶೇ. 10ರ ವ್ಯಾಪ್ತಿ ದಾಖಲಾದರೆ, ಶೇ. 95ರ ವಿಶ್ವಾಸ ಮಟ್ಟದಲ್ಲಿ ನಿಜವಾದ ಪ್ರಮಾಣ ಸುಮಾರು ಶೇ. 7.3ರಿಂದ 12.7ರ ನಡುವೆ ಇರಬಹುದು. ಹೀಗಾಗಿ ಒಂದೆರಡು ಅಂಶಗಳ ಏರಿಳಿತವನ್ನು ಜನಪ್ರಿಯತೆಯ ಬದಲಾವಣೆ ಎಂದು ಭಾವಿಸುವಂತಿಲ್ಲ. ವಯಸ್ಸು ಅಥವಾ ಹೊತ್ತಿನ ಪ್ರಕಾರ ವಿಂಗಡಿಸಿದಾಗ ದೋಷ ಇನ್ನೂ ಹೆಚ್ಚುತ್ತದೆ.

ಇನ್ನೊಂದು ಮಿತಿ ಭೌಗೋಳಿಕವಾದುದು. ಮಾಪನವು ಮಹಾನಗರಗಳಿಗೆ ಸೀಮಿತವಾದಾಗ ಸಣ್ಣ ಪಟ್ಟಣ ಮತ್ತು ಹಳ್ಳಿಗಳ ಕೇಳುಗರು ಲೆಕ್ಕದಿಂದ ಹೊರಗುಳಿಯುತ್ತಾರೆ. ಉದಾಹರಣೆಗೆ, ಮಾವಿನ ಬೆಳೆಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕು ಆಂಧ್ರಪ್ರದೇಶದ ಗಡಿಗೆ ಹೊಂದಿಕೊಂಡಿದ್ದು, ಅಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಕೆಯಲ್ಲಿವೆ. ಅಲ್ಲಿನ ರೈತರು ಕೃಷಿ ಕಾರ್ಯಕ್ರಮಗಳನ್ನು ಎಷ್ಟು ಕೇಳಿದರೂ ಬೆಂಗಳೂರು ನಗರದ ಡೈರಿಗಳಲ್ಲಿ ಅದು ದಾಖಲಾಗುವುದಿಲ್ಲ. ಎಣಿಕೆಗೆ ಬಾರದ ಕೇಳುಗರಿಗೆ ಜಾಹೀರಾತು ಮಾರುಕಟ್ಟೆಯಲ್ಲಿ ಬೆಲೆ ಕಟ್ಟುವುದು ಕಷ್ಟ. ಅಂಥವರಿಗಾಗಿ ಕಾರ್ಯಕ್ರಮ ರೂಪಿಸಲು ವಾಣಿಜ್ಯ ಪ್ರೋತ್ಸಾಹವೂ ಕಡಿಮೆಯಾಗುತ್ತದೆ.

ಸಮುದಾಯ ರೇಡಿಯೊ

ರೇಟಿಂಗ್‌ಗೆ ಹೊರತಾದ ಮಾದರಿಯೊಂದು ಕೋಲಾರ ಜಿಲ್ಲೆಯಲ್ಲಿಯೇ ರೂಪುಗೊಂಡಿತು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ 2000ರ ದಶಕದ ಆರಂಭದಲ್ಲಿ ವಾಯ್ಸಸ್ ಮತ್ತು ಮೈರಾಡ ಸಂಸ್ಥೆಗಳು ಯುನೆಸ್ಕೊ ನೆರವಿನೊಂದಿಗೆ 'ನಮ್ಮ ಧ್ವನಿ' ಯೋಜನೆಯನ್ನು ಆರಂಭಿಸಿದವು. ಸಂಘಸಂಸ್ಥೆಗಳಿಗೆ ಆಗ ರೇಡಿಯೊ ಪರವಾನಗಿ ದೊರೆಯದ ಕಾರಣ, ಸ್ಥಳೀಯರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ಮೂಲಕ ಮನೆಗಳಿಗೆ ತಲುಪಿಸಲಾಗುತ್ತಿತ್ತು. 2006ರ ನೀತಿಯು ಇಂಥ ಸಂಸ್ಥೆಗಳಿಗೂ ಪರವಾನಗಿಯ ಅವಕಾಶ ನೀಡಿತು.

ಸಮುದಾಯ ಕೇಂದ್ರಗಳ ಜಾಹೀರಾತಿಗೆ ಕಾಲಮಿತಿಯಿದೆ. 2023ರಲ್ಲಿ ಈ ಮಿತಿಯನ್ನು ಗಂಟೆಗೆ 7 ನಿಮಿಷಗಳಿಂದ 12 ನಿಮಿಷಗಳಿಗೆ, ಸರ್ಕಾರಿ ಜಾಹೀರಾತಿನ ದರವನ್ನು 10 ಸೆಕೆಂಡಿಗೆ 52 ರೂಪಾಯಿಗಳಿಂದ 74 ರೂಪಾಯಿಗಳಿಗೆ ಏರಿಸುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ಇದು ಕೇಳುಗರ ಸಂಖ್ಯೆಯನ್ನು ಆಧರಿಸದ ನಿಗದಿತ ದರವಾದುದರಿಂದ, ಸಣ್ಣ ಕೇಂದ್ರವೂ ರೇಟಿಂಗ್ ಇಲ್ಲದೆಯೇ ಆದಾಯ ಪಡೆಯಲು ಸಾಧ್ಯವಾಗುತ್ತದೆ.