ಛೇದದಲ್ಲಿ ಅಡಗಿದ ಲೆಕ್ಕ

ಒಂದು ಕಂಪನಿ ಕಳೆದ ವರ್ಷಕ್ಕಿಂತ ಈ ವರ್ಷ ಹೆಚ್ಚು ವಿದ್ಯುತ್ತು, ಹೆಚ್ಚು ಕಲ್ಲಿದ್ದಲು ಬಳಸಿತು ಎಂದ ಮಾತ್ರಕ್ಕೆ ಅದು ದುಂದು ಮಾಡಿತು ಎನ್ನಲಾಗದು. ಬೇಡಿಕೆ ಕುಸಿದು ಯಂತ್ರಗಳು ನಿಂತಿದ್ದರಿಂದ ಬಿಲ್ಲು ಇಳಿದ ಕಂಪನಿಯನ್ನು ಮಿತವ್ಯಯಿ ಎಂದು ಹೊಗಳುವುದೂ ಸಲ್ಲದು. ಆದ್ದರಿಂದ ಒಟ್ಟು ಬಳಕೆಯನ್ನು ಕಂಪನಿಯ ಚಟುವಟಿಕೆಯ ಯಾವುದಾದರೊಂದು ಅಳತೆಯಿಂದ ಭಾಗಿಸಿ ನೋಡುವ ಪದ್ಧತಿ ಬೆಳೆದುಬಂದಿದೆ. ಹೀಗೆ ಬರುವ ಭಾಗಲಬ್ಧಕ್ಕೆ ಇಂಧನ ತೀವ್ರತೆ ಎಂದು ಹೆಸರು. ಭಾಗಿಸುವ ಸಂಖ್ಯೆ ತಯಾರಾದ ಸರಕಿನ ತೂಕವೇ ಆಗಿದ್ದರೆ ಅದನ್ನು ನಿರ್ದಿಷ್ಟ ಇಂಧನ ಬಳಕೆ ಎನ್ನುತ್ತಾರೆ. ಲೆಕ್ಕ ಸರಳವಾಗಿ ಕಂಡರೂ ತಕರಾರೆಲ್ಲ ಇರುವುದು ಗೆರೆಯ ಕೆಳಗಿನ ಆ ಛೇದದಲ್ಲಿ.

ಭಾರತದಲ್ಲಿ ಈ ಲೆಕ್ಕಕ್ಕೆ ಕಾನೂನಿನ ಬಲ ದೊರೆತದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ. ಅದರಡಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೊ 2012ರಲ್ಲಿ ‘ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್’, ಅಂದರೆ ಪ್ಯಾಟ್ ಯೋಜನೆಯನ್ನು ಜಾರಿಗೆ ತಂದು, ಸಿಮೆಂಟ್, ಉಕ್ಕು, ರಸಗೊಬ್ಬರ, ಕಾಗದ ಸೇರಿದಂತೆ ಎಂಟು ಕ್ಷೇತ್ರಗಳ 478 ಘಟಕಗಳಿಗೆ ಪ್ರತ್ಯೇಕ ಗುರಿ ನಿಗದಿಪಡಿಸಿತು. ಕಲ್ಲಿದ್ದಲು, ಡೀಸೆಲ್, ವಿದ್ಯುತ್ತುಗಳನ್ನು ಒಂದೇ ತಕ್ಕಡಿಗೆ ಹಾಕಲು ಬಳಸಿದ ಮಾನ ತೈಲ ಸಮಾನ ಟನ್. ಅದು ಒಂದು ಕೋಟಿ ಕಿಲೊಕ್ಯಾಲೊರಿ ಶಾಖಕ್ಕೆ, ಅಂದರೆ 11,630 ಯೂನಿಟ್ ವಿದ್ಯುತ್ತಿಗೆ ಸಮ. ಗುರಿಗಿಂತ ಹೆಚ್ಚು ಉಳಿಸಿದ ಘಟಕ ಪ್ರಮಾಣಪತ್ರಗಳನ್ನು ಪಡೆದು, ಗುರಿ ಮುಟ್ಟದ ಘಟಕಕ್ಕೆ ಮಾರಬಹುದಾಗಿತ್ತು. ಇಲ್ಲಿ ಹೊಗಳಿಕೆಯಷ್ಟೇ ಅಲ್ಲ, ಹಣವೂ ಭಾಗಲಬ್ಧವನ್ನೇ ನೆಚ್ಚಿಕೊಂಡದ್ದರಿಂದ ಛೇದವನ್ನು ಕಟ್ಟುನಿಟ್ಟಾಗಿ ವಿವರಿಸದೆ ವಿಧಿಯಿರಲಿಲ್ಲ.

ಸಿಮೆಂಟ್ ಉದ್ಯಮವನ್ನು ಹತ್ತಿರದಿಂದ ನೋಡಿದರೆ ಇದರ ಕಾರಣ ತಿಳಿಯುತ್ತದೆ. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡ, ಸೇಡಂಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ನೆಲೆಗೊಂಡದ್ದು ಅಲ್ಲಿನ ಸುಣ್ಣದಕಲ್ಲಿನಿಂದಾಗಿ. ಆ ಕಲ್ಲನ್ನು ಪುಡಿ ಮಾಡಿ, ತಿರುಗುವ ಉದ್ದನೆಯ ಗೂಡಿನಲ್ಲಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟಾಗ ಬರುವ ಗಟ್ಟಿ ಉಂಡೆಗಳೇ ಕ್ಲಿಂಕರ್. ಇಂಧನದ ಸಿಂಹಪಾಲು ಈ ಹಂತದಲ್ಲೇ ಖರ್ಚಾಗುತ್ತದೆ. ಮುಂದೆ ಕ್ಲಿಂಕರಿಗೆ ಜಿಪ್ಸಂ, ಹಾರುಬೂದಿ ಇಲ್ಲವೇ ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆಸಿ ಅರೆದರೆ ಸಿಮೆಂಟ್ ಸಿದ್ಧ. ಹೀಗಿರುವಾಗ ಒಂದು ಕಾರ್ಖಾನೆ ಗೂಡನ್ನೇ ಹೊತ್ತಿಸದೆ ಹೊರಗಿನಿಂದ ಕ್ಲಿಂಕರ್ ಕೊಂಡು ಅರೆದು ಮಾರಿದರೆ, ಟನ್ ಸಿಮೆಂಟಿಗೆ ತಗಲುವ ಅದರ ಇಂಧನ ತೀರಾ ಕಡಿಮೆ ಎಂದು ಕಾಣುತ್ತದೆ. ಸುಟ್ಟ ಕಲ್ಲಿದ್ದಲು ಇನ್ನೊಬ್ಬರ ಖಾತೆಯಲ್ಲಿರುತ್ತದೆ, ಅಷ್ಟೆ. ಈ ಜಾಣತನಕ್ಕೆ ಆಸ್ಪದ ಕೊಡದಿರಲು ಪ್ಯಾಟ್ ನಿಯಮಗಳು ಕೊಂಡ ಮತ್ತು ಮಾರಿದ ಕ್ಲಿಂಕರನ್ನೂ ಲೆಕ್ಕಕ್ಕೆ ಹಿಡಿದು ಹೊಂದಾಣಿಕೆ ಮಾಡುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಸ್ಥಿರ ಬಳಕೆಯದು. ಉತ್ಪಾದನೆ ಇರಲಿ, ಇಲ್ಲದಿರಲಿ, ದೀಪ, ಫ್ಯಾನು, ಪಂಪು, ಕಂಪ್ರೆಸರುಗಳಿಗೆ ಒಂದಷ್ಟು ವಿದ್ಯುತ್ತು ಬೇಕೇ ಬೇಕು. ತಿಂಗಳಿಗೆ 1 ಲಕ್ಷ ಯೂನಿಟ್ ಹೀಗೆ ಸ್ಥಿರವಾಗಿ ಬೇಕಿದ್ದು, ಪ್ರತಿ ಟನ್ನಿಗೆ ಇನ್ನೂ 80 ಯೂನಿಟ್ ತಗಲುವ ಕಾರ್ಖಾನೆಯೊಂದನ್ನು ಊಹಿಸಿದರೆ, 10,000 ಟನ್ ತಯಾರಿಸಿದ ತಿಂಗಳಲ್ಲಿ ಅದರ ನಿರ್ದಿಷ್ಟ ಬಳಕೆ 90 ಯೂನಿಟ್ ಆಗುತ್ತದೆ, 5,000 ಟನ್ ತಯಾರಿಸಿದ ತಿಂಗಳಲ್ಲಿ 100ಕ್ಕೇರುತ್ತದೆ. ಯಂತ್ರ ಅದೇ, ಕೆಲಸಗಾರರು ಅವರೇ. ಕೆಟ್ಟದ್ದು ಮಾರುಕಟ್ಟೆ ಮಾತ್ರ. ಅದಕ್ಕಾಗಿಯೇ ಅನುಭವಿ ಆಡಿಟರುಗಳು ಒಂದೇ ಸರಾಸರಿಯನ್ನು ನಂಬದೆ, ತಿಂಗಳುವಾರು ಉತ್ಪಾದನೆ ಮತ್ತು ಬಳಕೆಯನ್ನು ನಕ್ಷೆಯ ಮೇಲೆ ಗುರುತಿಸಿ, ಉತ್ಪಾದನೆ ಸೊನ್ನೆಯಾದಲ್ಲಿ ಗೆರೆ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡುತ್ತಾರೆ.

ತೂಕದ ಛೇದಕ್ಕೇ ಇಷ್ಟು ತೊಡಕಿದ್ದರೆ ರೂಪಾಯಿಯ ಛೇದ ಇನ್ನೂ ಜಾರು. ಸಾಫ್ಟ್‌ವೇರ್ ಸಂಸ್ಥೆ, ಬ್ಯಾಂಕು, ಉಕ್ಕಿನ ಕಾರ್ಖಾನೆಗಳನ್ನು ಒಂದೇ ನಮೂನೆಯಲ್ಲಿ ಕೂರಿಸಬೇಕಾದಾಗ ಟನ್ನಿನ ಲೆಕ್ಕ ನಡೆಯುವುದಿಲ್ಲ. ಆದ್ದರಿಂದಲೇ ಷೇರುಪೇಟೆ ನಿಯಂತ್ರಕ ಸೆಬಿ, ಮಾರುಕಟ್ಟೆ ಮೌಲ್ಯದಲ್ಲಿ ಮುಂಚೂಣಿಯಲ್ಲಿರುವ 1,000 ಕಂಪನಿಗಳಿಗೆ 2022–23ರಿಂದ ಕಡ್ಡಾಯಗೊಳಿಸಿದ ಸುಸ್ಥಿರತಾ ವರದಿಯಲ್ಲಿ ವಹಿವಾಟಿನ ಪ್ರತಿ ರೂಪಾಯಿಗೆ ತಗಲಿದ ಇಂಧನವನ್ನು ಕೇಳುತ್ತದೆ. ಆದರೆ ಬೆಲೆ ಏರಿದ ವರ್ಷ, ಅಷ್ಟೇ ಉಕ್ಕನ್ನು ಅಷ್ಟೇ ಕಲ್ಲಿದ್ದಲಿನಲ್ಲಿ ತಯಾರಿಸಿದ ಕಂಪನಿಯ ವಹಿವಾಟು ಹಿಗ್ಗಿ, ಒಂದು ಬೋಲ್ಟನ್ನೂ ಬದಲಿಸದೆ ಅದರ ಇಂಧನ ತೀವ್ರತೆ ಇಳಿದುಬಿಡುತ್ತದೆ. ಬೆಲೆ ಕುಸಿದ ವರ್ಷ, ನಿಜಕ್ಕೂ ಹೊಸ ಮೋಟಾರು ಕೂರಿಸಿ ಉಳಿತಾಯ ಮಾಡಿದವರೂ ಹಿಂದೆ ಬಿದ್ದವರಂತೆ ಕಾಣಬಹುದು. ಇದನ್ನು ದಕ್ಷತೆಯ ಅಳತೆ ಎಂದು ಕರೆಯುವುದು ಅತಿ ಉದಾರತನ.

ಇನ್ನೊಂದು ಮಿತಿಯನ್ನೂ ಮರೆಯುವಂತಿಲ್ಲ. ಪ್ಯಾಟ್ ಮೊದಲ ಆವೃತ್ತಿಯು 2015ಕ್ಕೆ ಮುಗಿದಾಗ ಸುಮಾರು 86.7 ಲಕ್ಷ ತೈಲ ಸಮಾನ ಟನ್ ಉಳಿತಾಯವಾಯಿತೆಂದು ಘೋಷಿಸಲಾಯಿತು. ಗುರಿ ಇದ್ದದ್ದು ಸುಮಾರು 66.9 ಲಕ್ಷ. ಇದು ತೀವ್ರತೆಯ ಇಳಿಕೆಯಿಂದ ಲೆಕ್ಕ ಹಾಕಿದ ಉಳಿತಾಯವೇ ಹೊರತು ದೇಶ ಸುಟ್ಟ ಒಟ್ಟು ಇಂಧನದಲ್ಲಾದ ಕಡಿತವಲ್ಲ. ಟನ್ನಿಗೆ ತಗಲುವ ಇಂಧನ ಶೇ 5ರಷ್ಟು ಇಳಿದು ಉತ್ಪಾದನೆ ಶೇ 20ರಷ್ಟು ಏರಿದರೆ ಒಟ್ಟು ಬಳಕೆ ಶೇ 14ರಷ್ಟು ಹೆಚ್ಚುತ್ತದೆ, ಮತ್ತು ವಾತಾವರಣಕ್ಕೆ ಸೇರುವ ಹೊಗೆ ಭಾಗಲಬ್ಧವನ್ನು ಕೇಳಿಕೊಂಡು ಬರುವುದಿಲ್ಲ.

ಕಂಪನಿಯ ವಾರ್ಷಿಕ ವರದಿ ಕೈಗೆ ಬಂದಾಗ ಷೇರುದಾರರು ರೂಪಾಯಿಯ ಸಾಲಿಗೆ ನಿಲ್ಲದೆ, ಅದರ ಹತ್ತಿರದಲ್ಲೇ ಇರುವ ಒಟ್ಟು ಬಳಕೆಯ ಸಾಲನ್ನು ಓದಲಿ. ಕಂಪನಿ ಸರಕು ತಯಾರಿಸುವಂಥದ್ದಾಗಿದ್ದರೆ, ಟನ್ನಿನ ಲೆಕ್ಕ ಕೊಡಿ ಎಂದು ವಾರ್ಷಿಕ ಸಭೆಯಲ್ಲಿ ಎದ್ದು ಕೇಳಲಿ.