ಲಿಪಿಕಾರನ ತಪ್ಪು

ಓಲೆಗರಿಯನ್ನು ತಿದ್ದಲು ಕುಳಿತವನಿಗೆ ಮೊದಲು ಇರಬೇಕಾದ ಗುಣ ಭಯ. ಗ್ರಂಥಸಂಪಾದನೆಯ ತರಗತಿಯಲ್ಲಿ ಈ ಮಾತನ್ನು ಎಷ್ಟೋ ವರ್ಷ ಹೇಳಿದ್ದೇನೆ. ಅದರ ಅರ್ಥ ನನ್ನ ಕೈಗೆ ಹತ್ತಿದ್ದು ಮಾತ್ರ ಕಳೆದ ಬೇಸಗೆಯ ರಜೆಯಲ್ಲಿ, ತಾತನವರ ಆಂಪ್ಲಿಫೈಯರನ್ನು ಬಿಚ್ಚಿದಾಗ.

ತಾತನವರು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. ಬ್ರಿಟನ್ನಿನ ಮಲ್ಲಾರ್ಡ್ ಸಂಸ್ಥೆ 1950ರ ದಶಕದಲ್ಲಿ ಪ್ರಕಟಿಸಿದ ‘ಐದು-ಹತ್ತು’ ಎಂಬ ನಕ್ಷೆಯನ್ನು ನೋಡಿ, 1962ರಲ್ಲಿ ಅದನ್ನು ತಾವೇ ಕಟ್ಟಿದ್ದರು. ಐದು ವಾಲ್ವು, ಹತ್ತು ವಾಟು, ಹೆಸರಿನಲ್ಲೇ ಲೆಕ್ಕವಿದೆ. ಇಎಫ್ 86 ವಾಲ್ವು ಸಣ್ಣ ದನಿಯನ್ನು ಹಿಗ್ಗಿಸುತ್ತದೆ. ಇಸಿಸಿ 83 ಅದನ್ನು ಪರಸ್ಪರ ವಿರುದ್ಧವಾದ ಎರಡು ಅಲೆಗಳನ್ನಾಗಿ ಮಾಡುತ್ತದೆ. ಜೋಡಿ ಇಎಲ್ 84ಗಳು, ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತ, ಸ್ಪೀಕರನ್ನು ನಡೆಸುತ್ತವೆ. ಐದನೆಯದರ ಕೆಲಸ ವಿದ್ಯುತ್ತನ್ನು ಏಕಮುಖವಾಗಿಸುವುದು.

ತೊಂಬತ್ತು ದಾಟಿದ ಅಜ್ಜಿಗೆ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಇನ್ನೊಮ್ಮೆ ಕೇಳುವ ಆಸೆ. “ಫೋನಿನಲ್ಲಿ ಬೇಡವೋ, ಅವರ ಪೆಟ್ಟಿಗೆಯಲ್ಲೇ ಹಾಕು” ಎಂದರು.

ಇಪ್ಪತ್ತು ವರ್ಷ ಮಲಗಿದ್ದ ಯಂತ್ರಕ್ಕೆ ಒಮ್ಮೆಲೇ ವಿದ್ಯುತ್ತು ಕೊಡುವುದು ಅವಿವೇಕ. ಒಳಗೆ ಮುನ್ನೂರು ವೋಲ್ಟಿನ ಓಡಾಟ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳು ಅದನ್ನು ಹಿಡಿದಿಟ್ಟಿರಬಲ್ಲವು. ರೆಸಿಸ್ಟರಿನ ಮೂಲಕ ಅದನ್ನು ಇಳಿಸಿ, ಮೀಟರು ಸೊನ್ನೆ ತೋರಿದ ಮೇಲೆಯೇ ಕೈಯಿಡಬೇಕೆಂದು ನಮ್ಮ ಬೀದಿಯ ಹಿರಿಯ ರೇಡಿಯೋ ರಿಪೇರಿಯವರು ಪಕ್ಕದಲ್ಲೇ ಕುಳಿತು ಕಲಿಸಿದರು. ಮೇಣದ ಕಾಗದದ ಕೆಪಾಸಿಟರುಗಳು ಸೋರುತ್ತಿದ್ದವು. ಅವು ಸೋರಿದರೆ ಇಎಲ್ 84ರ ಗ್ರಿಡ್ಡಿಗೆ ಸಲ್ಲದ ವೋಲ್ಟೇಜು ಬಿದ್ದು ವಾಲ್ವು ಕೆಂಪಗೆ ಕಾಯುತ್ತದೆ, ಟ್ರಾನ್ಸ್‌ಫಾರ್ಮರೂ ಸುಟ್ಟೀತು. ಅವನ್ನು ಬದಲಿಸುವಲ್ಲಿ ಸಂಶಯವಿರಲಿಲ್ಲ. ಹುಳು ತಿಂದ ಗರಿಯನ್ನು ಯಾರೂ ಪಾಠವೆನ್ನುವುದಿಲ್ಲ.

ಸಂಶಯ ಬಂದದ್ದು ಒಂದು ತಂತಿಯಲ್ಲಿ. ಅರ್ಥ್ ತಂತಿ ಲೋಹದ ತಟ್ಟೆಯನ್ನು ಒಂದೇ ಕಡೆ ಸೇರಬೇಕು. ತಾತನವರು ಎರಡು ಕಡೆ ಬೆಸೆದಿದ್ದರು. ಆ ಪೆಟ್ಟಿಗೆ ಸದಾ ‘ಗುಂಯ್’ ಎನ್ನುತ್ತಿದ್ದುದರ ಗುಟ್ಟು ಅದೇ ಎಂದರು ಹಿರಿಯರು. ಬೆಸುಗೆಯ ಕಾವಿ ಕಾದಿತ್ತು. ನನ್ನ ಕೈ ಏಳಲಿಲ್ಲ. ತಾತನ ಕೈಬರಹವನ್ನು ಅಳಿಸಲು ನಾನಾರು? ಆಗ ಹೊಳೆಯಿತು: ಇಲ್ಲಿ ಕವಿ ಆ ನಕ್ಷೆಯವನು, ತಾತ ಲಿಪಿಕಾರರು. ಲಿಪಿಕಾರನ ಸ್ಖಾಲಿತ್ಯವನ್ನು ತಿದ್ದಬಹುದು, ತಿದ್ದಿದ್ದನ್ನು ಮರೆಮಾಚಬಾರದು. ತಂತಿಯನ್ನು ಬಿಚ್ಚಿ, ಲಕೋಟೆಯಲ್ಲಿಟ್ಟು, ತಾರೀಖು ಬರೆದು ಪೆಟ್ಟಿಗೆಯೊಳಗೇ ಅಂಟಿಸಿದೆ. ಅದು ನನ್ನ ಅಡಿಟಿಪ್ಪಣಿ.

ಮೊದಲು ನೂರು ವಾಟಿನ ಬಲ್ಬೊಂದನ್ನು ಸಾಲಿನಲ್ಲಿ ಸೇರಿಸಿ ಸ್ವಿಚ್ಚು ಹಾಕಿದೆವು. ಒಳಗೆ ಶಾರ್ಟ್ ಇದ್ದಿದ್ದರೆ ಅದು ಪೂರ್ಣ ಪ್ರಕಾಶದಿಂದ ಉರಿಯುತ್ತಿತ್ತು, ಮಂಕಾಗಿಯೇ ಉಳಿಯಿತು. ಬಳಿಕ ಬಲ್ಬನ್ನು ತೆಗೆದು, ತಟ್ಟೆಯ ಮೇಲೆ ಮುಳ್ಳನ್ನಿಟ್ಟೆ. ನಿಶ್ಶಬ್ದದೊಳಗಿನಿಂದ ವೀಣೆಯ ಮೊದಲ ಮೀಟು ಎದ್ದು ಬಂತು.

ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆ ಗುಂಯ್ ಎಲ್ಲಿ ಹೋಯಿತೋ?” ಎಂದರು. ನನ್ನ ಎದೆ ಧಸಕ್ಕೆಂದಿತು. ವರ್ಷಗಟ್ಟಲೆ ಅವರ ಕಿವಿ ಕೇಳಿದ್ದ ಪಾಠವನ್ನೇ ಅಳಿಸಿಬಿಟ್ಟೆನೇ? ತಂತಿಯ ವಿಷಯ ಹೇಳಿದೆ.

“ಅಷ್ಟೇನಾ?” ಎಂದರು ಅಜ್ಜಿ. “ಅದನ್ನು ಕಂಡುಹಿಡಿಯಲು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರು, ಪಾಪ! ಇನ್ನೊಮ್ಮೆ ಹಾಕು, ಅವರ ಪಾಲಿಗೂ ಕೇಳುತ್ತೇನೆ.”