ಹಕಾರದ ಹೆದರಿಕೆ

ದಸರಾ ಮೆರವಣಿಗೆ ಬಂದು ಮುಗಿಯುವ ಬನ್ನಿಮಂಟಪದಲ್ಲಿ ನನ್ನದೊಂದು ಬಾಡಿಗೆ ಕೋಣೆ. ಸಂಜೆ ಹೊತ್ತು ನಂಜನಗೂಡು, ಚಾಮರಾಜನಗರ ಕಡೆಯ ಮೂರ್ನಾಲ್ಕು ಹುಡುಗರು ಬರುತ್ತಾರೆ. ನಮ್ಮ ಕೇರಿಗಳ ಮಕ್ಕಳು. ಇಲ್ಲಿ ಅವರ ಮಾತಿಗೆ ತಡೆಯೇ ಇಲ್ಲ. ತರಗತಿಯಲ್ಲಿ ಎದ್ದು ನಿಂತರೆ ಮಾತ್ರ ಬಾಯಿ ಕಟ್ಟುತ್ತದೆ. 'ಅಭಿವ್ಯಕ್ತಿ ಸಾಲದು' ಎಂದು ಮೇಷ್ಟ್ರುಗಳು ಷರಾ ಬರೆಯುತ್ತಾರೆ. ಕೊರತೆಯನ್ನು ಇಲ್ಲದ ಕಡೆ ಹುಡುಕುವ ಈ ಷರಾದ ಬಗ್ಗೆಯೇ ನನ್ನ ತಕರಾರು.

ಮೊನ್ನೆ ಒಬ್ಬ ಪಡಿತರದ ವಿಷಯ ಹೇಳುತ್ತ 'ಸೊಸೈಟೀಲಿ ಹಕ್ಕಿ ಕೊಡಲಿಲ್ಲ' ಅಂದ. ತರಗತಿಯೆಲ್ಲ ನಕ್ಕಿತು. ಅವನು ಅಲ್ಲಿಗೇ ನಿಲ್ಲಿಸಿ ಕೂತ. ಅವ್ವನ ಮುಂದೆ ಅವನು ಈ ತಪ್ಪು ಮಾಡುವವನೇ ಅಲ್ಲ. ನಮ್ಮ ಸೀಮೆಯ ಆಡುಮಾತಿನಲ್ಲಿ ಹಕಾರ ನಿಲ್ಲುವುದಿಲ್ಲ. ಹಾಲು ಆಲು, ಹೋಗು ಓಗು. ಅಕ್ಕಿಯೂ ಅಕ್ಕಿ, ಹಕ್ಕಿಯೂ ಅಕ್ಕಿ. ಬೇಯೋದು ಯಾವುದು ಹಾರೋದು ಯಾವುದು ಅಂತ ಯಾರೂ ಗಲಿಬಿಲಿಗೊಂಡದ್ದಿಲ್ಲ. ಪಟ್ಟಣದಲ್ಲಿ ಹಕಾರ ಬಿಟ್ಟರೆ ನಗುತ್ತಾರೆ ಎಂಬ ಅಂಜಿಕೆಗೆ ಬೇಡದ ಕಡೆಯೂ ಅದನ್ನು ಅಂಟಿಸುತ್ತಾರೆ. ತಪ್ಪು ಹುಟ್ಟುವುದು ಅವರ ನುಡಿಯಿಂದಲ್ಲ, ಆ ಅಂಜಿಕೆಯಿಂದ.

ಹಳಗನ್ನಡದ 'ಪಕ್ಕಿ' ನಡುಗನ್ನಡಕ್ಕೆ ಬರುವಷ್ಟರಲ್ಲಿ 'ಹಕ್ಕಿ' ಆಯಿತು, 'ಪಾಲ್' 'ಹಾಲು' ಆಯಿತು. ಇದನ್ನು ಎಂ.ಎ.ಯಲ್ಲಿ ಭಾಷೆಯ ಬೆಳವಣಿಗೆ ಎಂದು ಬಾಯಿಪಾಠ ಮಾಡಿ ಅಂಕ ಪಡೆದೆವು. ಅದೇ ಹಕ್ಕಿ ಇನ್ನೊಂದು ಹೆಜ್ಜೆ ಇಟ್ಟು ಅಕ್ಕಿಯಾದರೆ ಉಚ್ಚಾರದೋಷ! ಹಾಗಂತ ಹಕಾರ ಬಿಡುವವರು ದಲಿತರಷ್ಟೇ ಅಲ್ಲ, ಊರ ಗೌಡರೂ ಬಿಡುತ್ತಾರೆ. ಅವರ ಬಾಯಲ್ಲಿ ಅದು ಮಣ್ಣಿನ ಸೊಗಡು, ನಮ್ಮ ಹುಡುಗನ ಬಾಯಲ್ಲಿ ಜಾತಿಯ ಗುರುತು. (ಈ ಲೇಖನದಲ್ಲಿ ನಾನೂ ಹಕಾರಗಳನ್ನು ಜೋಪಾನವಾಗಿ ಹಾಕಿದ್ದೇನೆ, ಗಮನಿಸಿ.)

ದೇವನೂರ ಮಹಾದೇವರ 'ಕುಸುಮಬಾಲೆ' ಈ ಸೀಮೆಯ ಆಡುನುಡಿಯಲ್ಲೇ ಬಂದಾಗ 'ಅರ್ಥವಾಗೊಲ್ಲ' ಎಂದವರು ಕಡಿಮೆಯಿರಲಿಲ್ಲ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ಆ ಮಾತು ನಿಲ್ಲಲಿಲ್ಲ. ಅರ್ಥವಾಗದ್ದು ಯಾರಿಗೆ ಎಂದು ಕೇಳಬೇಕು. ಕೋಣೆಯಲ್ಲಿ ಗಟ್ಟಿಯಾಗಿ ಓದಿದೆವು. ಕಥನದ ತಿರುವುಗಳಲ್ಲಿ ಹುಡುಗರೂ ದಾರಿ ತಪ್ಪಿದರು, ಸುಳ್ಳೇಕೆ. ಆದರೆ ಮಾತಿನಲ್ಲಿ ಎಲ್ಲೂ ಎಡವಲಿಲ್ಲ.

ಅವತ್ತು ಸಂಜೆ ಆ ಹುಡುಗ ಸೊಸೈಟಿಯ ಸಂಗತಿ ಪೂರ್ತಿ ಹೇಳಿದ. ಕ್ಯೂನಲ್ಲಿ ಅವ್ವ ಎಲ್ಲಿ ನಿಂತಿದ್ದಳು, ಯಾರು ಮುಂದೆ ನುಗ್ಗಿದರು, ಅವಳು ಏನಂದಳು, ಖಾಲಿ ಚೀಲ ಹೇಗೆ ಮಡಚಿದಳು. ಒಂದು ಮಾತೂ ಮಸುಕಿರಲಿಲ್ಲ. 'ಹೇಳಿದಂಗೇ ಬರ್ಕೊಂಡು ಬಾ' ಅಂದೆ. ಮರುದಿನ ತಂದ. ಹಕಾರಗಳನ್ನೆಲ್ಲ ತಿದ್ದಿ ಬರೆದಿದ್ದ. ಅವ್ವ ಆಡಿದ ಎರಡು ಮಾತನ್ನು ಮಾತ್ರ ಮುಟ್ಟಿರಲಿಲ್ಲ.